ಆ ತುದಿಯ ಎಳೆತ

ಗುಂಡಿ ಹಾಕಿಯಾಯಿತೆಂದುಕೊಂಡು ಒಳಕೋಣೆಯಿಂದ ಹೊರಬಂದ ಮೇಸ್ತ್ರಿಯನ್ನು ಹೆಂಡತಿ ಮೇಲಿಂದ ಕೆಳಗೆ ಒಮ್ಮೆ ನೋಡಿದಳು. ಕೈಯಲ್ಲಿದ್ದ ಸೌಟನ್ನು ಕಟ್ಟೆಯ ಮೇಲಿಟ್ಟು ಬಂದು, ಬಿಟ್ಟುಹೋಗಿದ್ದ ಎರಡು ಗುಂಡಿಗಳನ್ನು ತಾನೇ ಹಾಕಿ, ಮಗುವಿಗೆ ಮಾಡುವಂತೆ ಅಂಗಿಯ ಅಂಚನ್ನು ಕೆಳಗೆ ಜಗ್ಗಿ ಸರಿಮಾಡಿ, ಮತ್ತೆ ಒಲೆಯ ಕಡೆ ತಿರುಗಿದಳು. ಏನಾದರೂ ಅಂದಿದ್ದರೆ ವಾಸಿಯಿತ್ತು. ಮೊನ್ನೆ ಕುದಿಯುವ ಚಹಾದ ಸ್ಟೀಲ್ ಲೋಟವನ್ನು ಅವನು ಬರಿಗೈಯಲ್ಲಿ ಹಿಡಿದುಕೊಂಡೇ ನಿಂತು ಮಾತಾಡುತ್ತಿದ್ದಾಗ ಕಿರುಚಿ ಕಿತ್ತುಕೊಂಡವಳು ಇವಳೇ. ಕೆಲಸ ಮಾಡಿದ ಕೈ, ಜಡ್ಡುಗಟ್ಟಿದೆ, ನಿನ್ನ ಹಾಗೆ ಹೂವಿನ ಕೈಯೇ ಎಂದು ಅವನು ನಕ್ಕು ಮಾತು ತೇಲಿಸಿದ್ದ. ಜಡ್ಡುಗಟ್ಟಿದ ಕೈಗೆ ಗುಂಡಿಯೂ ಸಿಗುವುದಿಲ್ಲವೇ ಎಂದು ಈಗ ಕೇಳಬಹುದಿತ್ತು. ಕೇಳಲಿಲ್ಲ ಎಂದರೆ ಅವಳಿಗೆ ಗೊತ್ತಾಗಿದೆ ಎಂದೇ ಅರ್ಥವಿರಬೇಕು. ಅಥವಾ ಗೊತ್ತಾಗದೆ, ಗಂಡಸರಿಗೆ ಇದೆಲ್ಲ ಸಹಜ ಎಂದುಕೊಂಡಿರಬೇಕು. ಹೊರಡುವ ಮುನ್ನ ಎಂದಿನಂತೆ ದೇವರ ಮುಂದೆ ನಿಂತು ಕೈಮುಗಿದ. ಎರಡು ಅಂಗೈ ಕೂಡಿದ್ದು ಕಣ್ಣಿಗೆ ಕಂಡಿತು, ಕೈಗೆ ತಿಳಿಯಲಿಲ್ಲ. ಯಾರದೋ ಕೈಯನ್ನು ತಂದು ಇನ್ನಾರದೋ ಕೈಗೆ ಆನಿಸಿಟ್ಟ ಹಾಗಿತ್ತು. ಇವತ್ತೊಂದು ದಿನ ಕಳೆದುಹೋಗಲಿ ಎಂದು ಬೇಡಿಕೊಳ್ಳಲು ಹೋದವನು, ಕಳೆದುಹೋಗಲಿ ಎಂದರೆ ಏನಾಗಲಿ ಎಂದು ಕೇಳುತ್ತಿದ್ದೇನೆ ಎಂಬುದು ತನಗೇ ತಿಳಿಯದೆ ಅರ್ಧಕ್ಕೆ ನಿಲ್ಲಿಸಿದ.

ಇವತ್ತು ಹಳೆಯ ಕೇಬಲ್‌ಗಳನ್ನು ಕೀಳುವ ದಿನ. ಇಷ್ಟು ದಿನ ಅವುಗಳ ತುದಿಗೆ ಗುರುತಿನ ಬಿಲ್ಲೆ ಕೂರಿಸುವ ಕೆಲಸವಷ್ಟೇ ಇತ್ತು, ಕೂರಿಸುವುದರಲ್ಲಿ ತಪ್ಪಾದರೆ ಯಾರಿಗೂ ಕಾಣುತ್ತಿರಲಿಲ್ಲ, ಕೀಳುವಾಗ ಕಾಣುತ್ತದೆ. ಬಸ್ಸಿನ ಕಿಟಕಿಗೆ ತಲೆ ಆನಿಸಿದರೆ ಹಣೆಗೆ ಗಾಜಿನ ನಡುಕ ತಿಳಿಯುತ್ತಿತ್ತು. ಹಣೆಗೆ ತಿಳಿಯುತ್ತದೆ, ಬೆರಳಿಗಿಲ್ಲ. ಅವನು ಹೋಗುತ್ತಿದ್ದುದು ಊರಿನ ಆಪತ್ತಿನ ಕರೆಗಳೆಲ್ಲ ಬಂದು ಸೇರುವ ಕಟ್ಟಡಕ್ಕೆ. ಯಾರ ಮನೆಗೆ ಬೆಂಕಿ ಬಿದ್ದರೂ, ಯಾರಿಗೆ ಎದೆ ಹಿಡಿದುಕೊಂಡರೂ, ಅಲ್ಲಿ ಒತ್ತಿದ ಫೋನಿನ ದನಿ ಕೂದಲಿನಷ್ಟು ಸಣ್ಣ ಗಾಜಿನೊಳಗೆ ಬೆಳಕಾಗಿ ಹರಿದು ಈ ಕಟ್ಟಡದ ನೆಲಮಾಳಿಗೆಗೆ ಬರುತ್ತಿತ್ತು, ಅಲ್ಲಿಂದ ಮೇಲಿನ ಮಹಡಿಯಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತ ಹೆಂಗಸರ ಹತ್ತಿರ ಹೋಗುತ್ತಿತ್ತು. ನೆಲಮಾಳಿಗೆಯ ಕೋಣೆಯಲ್ಲಿ ಎದುರುಬದುರಾಗಿ ಕಬ್ಬಿಣದ ಕಪಾಟುಗಳ ಎರಡು ಸಾಲು. ಒಂದರಿಂದ ಹೊರಟ ಹಳದಿ ಕೇಬಲ್‌ಗಳು ಚಾವಣಿಯ ಕೆಳಗಿನ ಜಾಲರಿಗೆ ಹತ್ತಿ, ಅಲ್ಲಿ ನೂರಾರು ಒಡಹುಟ್ಟುಗಳ ಜೊತೆ ಹೆಣೆದುಕೊಂಡು, ಎದುರು ಸಾಲಿಗೆ ಇಳಿಯುತ್ತಿದ್ದವು. ಯಾವುದರ ಇನ್ನೊಂದು ತುದಿ ಯಾವುದು ಎಂದು ಹೇಳುತ್ತಿದ್ದ ಚೀಟಿಗಳು ಅಂಟು ಬಿಟ್ಟು ಎಂದೋ ಉದುರಿದ್ದವು. ಅದಕ್ಕೇ ಈ ಬಿಲ್ಲೆಗಳು ಬಂದಿದ್ದು. ಎಳ್ಳಿಗಿಂತ ಕೊಂಚ ದೊಡ್ಡ ಕರಿ ಚುಕ್ಕೆ. ಒಂದೇ ಸಂಖ್ಯೆಯ ಎರಡು ಬಿಲ್ಲೆಗಳು ಅವಳಿಗಳ ಹಾಗೆ ಒಂದೇ ಪಟ್ಟಿಗೆ ಅಂಟಿಕೊಂಡಿರುತ್ತಿದ್ದವು. ಪಟ್ಟಿ ಮುರಿದು, ಒಂದನ್ನು ಕೇಬಲಿನ ಈ ತುದಿಯ ಕನೆಕ್ಟರಿನ ಬಾಲದಲ್ಲಿದ್ದ ಗುಳಿಯೊಳಗೆ ಕೂರಿಸಿ, ಹನಿ ಅಂಟು ಬಿಟ್ಟು, ಮುಚ್ಚಳ ಒತ್ತಬೇಕು. ಇನ್ನೊಂದನ್ನು ಆ ತುದಿಯಲ್ಲಿ. ಆಮೇಲೆ ಓದುವ ಯಂತ್ರವನ್ನು ಹತ್ತಿರ ಹಿಡಿದರೆ ಸಾಕು, ಬಿಲ್ಲೆ ರೇಡಿಯೊ ಅಲೆಯಲ್ಲಿ ತನ್ನ ಗುರುತು ತಾನೇ ಹೇಳಿಕೊಳ್ಳುತ್ತದೆ: ನಾನು ಇಂಥವನು, ನನ್ನ ಜೊತೆಯವನು ಇಂಥ ಕಡೆ ಇದ್ದಾನೆ. ಆದರೆ ಯಂತ್ರ ಓದುವುದು ಬಿಲ್ಲೆಯನ್ನು, ಕೇಬಲನ್ನಲ್ಲ. ಅವಳಿಗಳೆರಡೂ ಒಂದೇ ಕೇಬಲಿನ ತುದಿಗಳಲ್ಲಿ ಕೂತಿವೆ ಎಂಬುದಕ್ಕೆ ಜಗತ್ತಿನಲ್ಲಿದ್ದ ಸಾಕ್ಷಿ ಒಂದೇ, ಅವನ ಬಾಯಿಮಾತು.

ಕೇಬಲ್ ಕಳಚಿ ಬೆಳಕು ಹಾಯಿಸಿ ನೋಡುವಂತಿರಲಿಲ್ಲ. ಕಳಚಿದ ಗಳಿಗೆ ಯಾರೋ ಎಲ್ಲೋ ಹಲೋ ಹಲೋ ಎನ್ನುತ್ತ ಉಳಿದುಬಿಡುತ್ತಾರೆ. ಹಾಗಾಗಿ ಹಳೆಯ ಕೆಲಸಗಾರರ ಉಪಾಯವೇ ಗತಿ. ಆ ಸಾಲಿನಲ್ಲಿ ಒಬ್ಬ ನಿಂತು, ಮಲಗಿದ ಮಗುವಿನ ಮುಷ್ಟಿಯಿಂದ ಆಟಿಕೆ ಬಿಡಿಸಿಕೊಳ್ಳುವಷ್ಟು ಹಗುರವಾಗಿ ಒಂದು ಕೇಬಲನ್ನು ಎಳೆದು, ಎಳೆದೆ ಎಂದು ಕೂಗುತ್ತಾನೆ. ಈ ಸಾಲಿನವನು ಕೇಬಲ್‌ಗಳನ್ನು ಬೆರಳ ಸಂದಿಯಲ್ಲಿ ಹಿಡಿದು, ಯಾವುದು ಮಿಡಿಯಿತೋ ಅದನ್ನು ಬೇರ್ಪಡಿಸಿ, ಬಂತು ಎನ್ನುತ್ತಾನೆ. ಆ ಸಾಲಿಗೆ ಅವನು ಹೆಂಡತಿಯ ತಮ್ಮನನ್ನು ನಿಲ್ಲಿಸಿಕೊಂಡಿದ್ದ. ನನ್ನ ತಮ್ಮನಿಗೂ ಒಂದು ಕೈ ಕೆಲಸ ಕಲಿಸಬಾರದೇ ಎಂದು ಅವಳು ವರ್ಷವಿಡೀ ಅಂದದ್ದಕ್ಕೆ. ಎರಡು ಮಕ್ಕಳ ತಂದೆಯಾದರೂ ಎಲ್ಲದಕ್ಕೂ ನಗುವ, ಏಣಿ ಹತ್ತುವುದೆಂದರೆ ಸೊಂಟ ಹಿಡಿಯುವ ಗಂಡಸು. ಬಂತು, ಬಂತು ಎಂದು ಮೇಸ್ತ್ರಿ ಚಕಚಕನೆ ಅನ್ನುತ್ತಿದ್ದರೆ ಅವನಿಗೆ ಹುರುಪು. ನಮ್ಮಕ್ಕ ಕರೆದ್ರೆ ನಿಮಗೆ ಕಿವೀನೇ ಇರಲ್ಲ ಭಾವ, ಕೇಬಲ್ ಕರೆದ್ರೆ ಮಾತ್ರ ಇಷ್ಟು ಬೇಗ ಓಗೊಡ್ತೀರಲ್ಲ ಎಂದು ಕಪಾಟುಗಳ ಆಚೆಯಿಂದ ರೇಗಿಸುತ್ತಿದ್ದ. ಮನೆಗೆ ಬಂದು ಅಕ್ಕನ ಮುಂದೆ, ಭಾವನ ಕೈ ಅಂದ್ರೆ ಕೈ ಎಂದು ಹೊಗಳಿದ್ದ. ಅವತ್ತು ಅವಳು ಗಂಡನಿಗೆ ಕೇಳದೆಯೇ ಇನ್ನೊಂದು ಸೌಟು ಬಡಿಸಿದ್ದಳು, ಮತ್ತು ಅವನು ಅದನ್ನು ತಟ್ಟೆಯ ಅಂಚಿಗೆ ಸರಿಸಿಟ್ಟಿದ್ದ.

ಯಾಕೆಂದರೆ ಅಷ್ಟು ಹೊತ್ತಿಗೆ ಮೊದಲ ಸುಳ್ಳು ಆಗಿಹೋಗಿತ್ತು. ಮೊದಲನೆಯದು ಸುಳ್ಳು ಅಂತಲೂ ಅನ್ನಿಸಿರಲಿಲ್ಲ. ಎಳೆದೆ ಭಾವ ಎಂದು ಭಾವಮೈದ ಕೂಗಿದ್ದ, ಇವನ ಬೆರಳುಗಳ ನಡುವೆ ಏನೂ ಆಗಿರಲಿಲ್ಲ. ಇನ್ನೊಮ್ಮೆ ಎಳಿ ಅಂದ. ಎಳೆದೆ. ಏನೂ ಇಲ್ಲ. ಇನ್ನೊಮ್ಮೆ. ಯಾಕೆ ಭಾವ, ಬೆರಳು ನಿದ್ದೆ ಮಾಡ್ತಿದಾವಾ ಎಂದು ಆಚೆಯಿಂದ ತಮಾಷೆಯ ದನಿ. ಆ ತಮಾಷೆ ನೆಟ್ಟಗೆ ಬಂದು ತಾಗಿದ ಜಾಗ ಎಂಥದೆಂದರೆ, ಮೈಯೆಲ್ಲ ಬಿಸಿಯಾಗಿ, ಕಣ್ಣು ತಾನಾಗಿ ಜಾಲರಿಯಿಂದ ಇಳಿದ ಕೇಬಲ್‌ಗಳ ಮೇಲೆ ಓಡಿತು. ಧೂಳು, ಬಾಗು, ಬಣ್ಣದ ಮಾಸಲು, ಇಷ್ಟು ವರ್ಷದ ಅಂದಾಜು. ಇದೇ ಇರಬೇಕು ಎಂದು ಒಂದನ್ನು ಹಿಡಿದು, ಬಂತು ಎಂದುಬಿಟ್ಟ. ಅಂದ ಮೇಲೆ ನಿಜಕ್ಕೂ ಬಂದಂತೆಯೇ ಅನ್ನಿಸಿತು. ಆಮೇಲೆ ಅದೇ ರೂಢಿಯಾಯಿತು. ಕೆಲವು ಸಲ ಬೆರಳಿಗೆ ಏನೋ ತಿಳಿಯುತ್ತಿತ್ತು, ದೂರದ ಓಣಿಯಲ್ಲಿ ಯಾರೋ ಬಾಗಿಲು ಹಾಕಿದ ಹಾಗೆ. ಕೆಲವು ಸಲ ಅದೂ ಇಲ್ಲ. ಯಾವುದು ಬಂದದ್ದು, ಯಾವುದು ಬಂತು ಎಂದದ್ದು ಎಂಬ ಗೆರೆ ಅವನೊಳಗೇ ಅಳಿಸಿಹೋಗಿತ್ತು.

ಚಿಕ್ಕಂದಿನಲ್ಲಿ ಅಜ್ಜಿ ಪದ್ಯ ಹೇಳುತ್ತಿದ್ದಳು. ಓದು ಬಾರದ ಅಜ್ಜಿ, ಕೇಳಿ ಕೇಳಿ ಬಾಯಿಗೆ ಬಂದ ಪದ್ಯಗಳು, ಸಂಜೆ ದೀಪ ಹಚ್ಚಿ ಕೂತರೆ ಒಂದಾದ ಮೇಲೊಂದು ಬರುತ್ತಿದ್ದವು. ಪ್ರತಿ ಪದ್ಯದ ಕೊನೆಯಲ್ಲಿ ಅವಳು ದನಿಯನ್ನು ಇಳಿಸಿ ಸ್ವಲ್ಪ ತಡೆಯುತ್ತಿದ್ದಳು, ಆ ತೆರಪಿಗೆ ಅವನು ಹೂಂ ಅನ್ನಬೇಕು. ಅವಳ ತೊಡೆಯ ಮೇಲೆ ತಲೆಯಿಟ್ಟು, ತೂಕಡಿಸುತ್ತಲೇ, ದನಿ ಇಳಿದದ್ದು ಕಿವಿಗೆ ಬಿದ್ದೊಡನೆ ಹೂಂ. ಒಂದು ಸಂಜೆ ಅವಳು ರಾಜನ ಹೆಸರಿರಬೇಕಾದ ಕಡೆ ಅವನದೇ ಹೆಸರು ಸೇರಿಸಿ, ಇವನು ಕಾಡಿಗೆ ಹೋಗಿ ಸತ್ತ ಎಂದು ಹಾಡಿ ನಿಲ್ಲಿಸಿದಳು. ಅವನು ಹೂಂ ಅಂದ. ಮನೆಯವರೆಲ್ಲ ಬಿದ್ದು ಬಿದ್ದು ನಕ್ಕರು. ಅಳು ಬಂದು ಅವಳ ಸೆರಗಿನಲ್ಲಿ ಮುಖ ಮುಚ್ಚಿಕೊಂಡವನ ಬೆನ್ನು ಸವರುತ್ತ ಅಜ್ಜಿ, ಹೋಗಲಿ ಬಿಡಪ್ಪ, ನೀನು ಹೂಂ ಅಂದರೇನೇ ನನಗೆ ಮುಂದಿನದು ನೆನಪಾಗೋದು ಅಂದಿದ್ದಳು. ಆ ಮಾತನ್ನು ಅವನು ಎಷ್ಟೋ ವರ್ಷ ಸಮಾಧಾನವೆಂದು ಇಟ್ಟುಕೊಂಡಿದ್ದ. ಕೇಳದಿದ್ದರೂ ಹೂಂಗುಟ್ಟಿದ್ದರ ಮೇಲೆ ಒಂದು ಇಡೀ ಕಥೆ ಮುಂದೆ ನಡೆಯಬಹುದು ಎಂಬುದರಲ್ಲಿ ಭಯಪಡುವಂಥದ್ದೂ ಇದೆ ಎಂದು, ನೆಲಮಾಳಿಗೆಯ ಮೆಟ್ಟಿಲಿಳಿಯುತ್ತ, ಈಗ ತಿಳಿಯುತ್ತಿತ್ತು.

ಕೆಳಗೆ ಮೇಡಂ ಆಗಲೇ ಬಂದು ಯಂತ್ರ ಚಾಲೂ ಮಾಡಿದ್ದರು. ಈ ಕೆಲಸದ ಹೊಣೆ ಹೊತ್ತ ಇಂಜಿನಿಯರು ಅವರು. ಬೈಯುವುದಿಲ್ಲ, ನಗುವುದೂ ಇಲ್ಲ. ಮೇಸ್ತ್ರಿಯನ್ನು ನೀವು ಎಂದೇ ಮಾತಾಡಿಸುತ್ತಿದ್ದರು. ಕೆಳ ಅಂತಸ್ತಿನ ಕಚೇರಿ ಮುಚ್ಚಿಹೋಗಿತ್ತು, ಅದರ ಕೇಬಲ್‌ಗಳಿಗೆ ಈಗ ಕೆಲಸವಿರಲಿಲ್ಲ. ಯಂತ್ರ ತೋರಿಸಿದ ಬಿಲ್ಲೆಗಳನ್ನು ಹುಡುಕಿ ಒಂದೊಂದಾಗಿ ಕಳಚುವುದು ಇವತ್ತಿನ ಕೆಲಸ. ಆಪತ್ತಿನ ಕರೆಗಳಿಗೆ ಎರಡು ದಾರಿಯಿದೆ, ಒಂದು ಹೋದರೆ ಇನ್ನೊಂದಿರುತ್ತೆ, ಗಾಬರಿ ಬೇಡ ಎಂದು ಅವರು ಭಾವಮೈದನಿಗೆ ಹೇಳುತ್ತಿದ್ದರು. ಎರಡೂ ದಾರಿಗೆ ಬಿಲ್ಲೆ ಕೂರಿಸಿದವನು ಒಬ್ಬನೇ ಎಂಬುದು ಅವರ ಮಾತಿನಲ್ಲಿ ಬರಲಿಲ್ಲ. ಮೊದಲನೆಯದನ್ನು ಅವರೇ ಕಳಚಿದರು. ಕಟಕ್ ಎಂದು ಸಣ್ಣ ಶಬ್ದ. ಮೇಸ್ತ್ರಿ ಚಾವಣಿಯ ಕಡೆ ನೋಡಿದ. ಏನೂ ಆಗಲಿಲ್ಲ. ಇನ್ನೊಂದು, ಮತ್ತೊಂದು. ಪ್ರತಿ ಸಲ ಮೇಲೆ ಕುರ್ಚಿ ಸರಿದ ಸದ್ದಾದರೂ ಮೆಟ್ಟಿಲ ಕಡೆ ತಿರುಗಿ ನೋಡುತ್ತಿದ್ದ. ಏನೂ ಆಗದೆ ಹೋದಾಗ, ನೋಡು, ನಿನ್ನ ಅಂದಾಜೇ ಸರಿ ಎಂದು ಒಳಗಿನಿಂದ ಯಾರೋ ಬೆನ್ನು ತಟ್ಟುತ್ತಿದ್ದರು. ಹಾಗೆ ತಟ್ಟಿಸಿಕೊಳ್ಳುವುದು ಹಿತವಾಗಿತ್ತು, ಅದೇ ಅಸಹ್ಯವಾಗಿತ್ತು. ಸಂಜೆಯವರೆಗೂ ಹೀಗೇ ನಡೆದುಬಿಟ್ಟರೆ ಯಾರಿಗೂ ಏನೂ ಹೇಳಬೇಕಾಗಿಲ್ಲ. ಬೆರಳಿಲ್ಲದ ಮೇಸ್ತ್ರಿಗೆ ಯಾರು ಕೆಲಸ ಕೊಡುತ್ತಾರೆ? ಬಾಯಿಲ್ಲದ ಗವಾಯಿಯ ಹಾಗೆ, ಮೂಲೆಯಲ್ಲಿ ಕೂತು ಬೇರೆಯವರ ಹಾಡಿಗೆ ತಲೆದೂಗಬೇಕಷ್ಟೆ.

ಅಷ್ಟರಲ್ಲಿ ಮೇಡಂ, ಮೇಲೆ ಹೋಗಿ ಎಲ್ಲಾ ಸರಿಯಾಗಿದೆಯಾ ಅಂತ ಒಮ್ಮೆ ಕೇಳಿಕೊಂಡು ಬನ್ನಿ ಎಂದು ಅವನನ್ನೇ ಕಳುಹಿಸಿದರು. ಗಾಜಿನ ಬಾಗಿಲ ಆಚೆ ಹೆಂಗಸರು ಸಾಲಾಗಿ ಕೂತಿದ್ದರು. ಮೇಲ್ವಿಚಾರಕ ಹೆಬ್ಬೆರಳೆತ್ತಿ ಸರಿಯಾಗಿದೆ ಎಂದು ಸನ್ನೆ ಮಾಡಿದ. ಅಷ್ಟಕ್ಕೇ ತಿರುಗಬಹುದಿತ್ತು. ಬಾಗಿಲ ಹತ್ತಿರವೇ ಕೂತಿದ್ದ, ಕೂದಲು ನರೆತ ಹೆಂಗಸು ಯಾರೊಡನೆಯೋ ಮಾತಾಡುತ್ತಿದ್ದಳು. ಅವಸರವಿಲ್ಲದ ದನಿ, ಮಗುವಿಗೆ ಲೆಕ್ಕ ಹೇಳಿಕೊಡುವವಳ ಹಾಗೆ. ನಿಮ್ಮ ತಾಯಿ ಮಲಗಿದಾರಲ್ಲ, ಅವರ ಎದೆ ಮೇಲೆ ಕೈ ಇಡಿ. ಎದೆ ಮೇಲೆ ಕೆಳಗೆ ಆಗ್ತಿದೆಯಾ? ತಡೆದಳು. ಆ ಕಡೆಯ ಉತ್ತರ ಮೇಸ್ತ್ರಿಗೆ ಕೇಳಿಸಲಿಲ್ಲ. ಅವಳು ಕಣ್ಣು ಮುಚ್ಚಿಕೊಂಡು, ಅದೇ ದನಿಯಲ್ಲಿ, "ಗಾಬರಿಗೆ ಹೇಳಬೇಡಿಮ್ಮ. ಕೈಗೆ ಗೊತ್ತಾದದ್ದು ಹೇಳಿ. ಗೊತ್ತಾಗದಿದ್ರೆ ಗೊತ್ತಾಗ್ತಿಲ್ಲ ಅನ್ನಿ, ಅದೂ ನನಗೆ ಬೇಕು" ಅಂದಳು.

ಮೆಟ್ಟಿಲಿಳಿಯುವಾಗ ಅವನಿಗೆ ಪಾದ ಮಾತ್ರ ಚೆನ್ನಾಗಿ ತಿಳಿಯುತ್ತಿತ್ತು. ಕಟಕಟೆಯ ಕಬ್ಬಿಣ ಕೈಯ ಕೆಳಗೆ ಇತ್ತೋ ಇಲ್ಲವೋ. ಮೇಡಂ ಮುಂದಿನ ಕನೆಕ್ಟರಿನ ಮೇಲೆ ಬೆರಳಿಟ್ಟು ಅವನು ಬರಲೆಂದೇ ಕಾಯುತ್ತಿದ್ದರು. ಎಲ್ಲಾ ಸರಿಯಾ ಎಂದು ಕೇಳಿದರು. ಹೌದು ಎನ್ನಲು ಬಾಯಿ ತೆರೆದ. ಆ ಹೌದು ಸುಳ್ಳೂ ಆಗುತ್ತಿರಲಿಲ್ಲ.

"ಅದನ್ನ ಕೀಳಬೇಡಿ" ಅಂದ. "ನನ್ನ ಬೆರಳಿಗೆ ಸ್ಪರ್ಶ ಇಲ್ಲ ಮೇಡಂ."

ಅವರಿಗೆ ಅರ್ಥವಾಗಲಿಲ್ಲ. ಅವನು ಎರಡೂ ಕೈ ಮುಂದೆ ಚಾಚಿ ಹೇಳಿದ, ಶಾಲೆಯಲ್ಲಿ ಉಗುರು ತೋರಿಸುವವರ ಹಾಗೆ. ತಿಂಗಳುಗಳಿಂದ ಹೀಗಿದೆಯೆಂದು, ಎಳೆದದ್ದು ತಿಳಿಯದೆಯೇ ಬಂತು ಅಂದದ್ದಿದೆಯೆಂದು, ಕಣ್ಣಂದಾಜಿನಲ್ಲಿ ಬಿಲ್ಲೆ ಕೂರಿಸಿದ್ದೇನೆಂದು. ಎಷ್ಟು ಎಂದು ಕೇಳಿದರು. ಗೊತ್ತಿಲ್ಲ ಅಂದ. ಯಾವುವು ಎಂದು ಕೇಳಿದರು. ಅದೂ ಗೊತ್ತಿಲ್ಲ ಅಂದ. ಮೇಡಂ ಕನೆಕ್ಟರಿನ ಮೇಲಿದ್ದ ಬೆರಳನ್ನು ಮೆಲ್ಲನೆ ಹಿಂದೆ ತೆಗೆದರು. ಬೈದಿದ್ದರೆ ನಿಲ್ಲಲು ಒಂದು ಗೋಡೆಯಾದರೂ ಸಿಗುತ್ತಿತ್ತು. ಅವರು ಅವನ ಕೈಗಳನ್ನೇ ನೋಡುತ್ತಿದ್ದರು, ಬೇರೆ ಯಾರದೋ ವಸ್ತುವನ್ನು ನೋಡುವಂತೆ. ಕೈಗಳನ್ನು ಕೆಳಗಿಳಿಸಬೇಕೋ ಹಾಗೇ ಚಾಚಿರಬೇಕೋ ಅವನಿಗೆ ತಿಳಿಯಲಿಲ್ಲ.

ಕಪಾಟುಗಳ ಆಚೆಯಿಂದ ಭಾವಮೈದ ನಿಧಾನವಾಗಿ ಬಂದು ಸಾಲಿನ ಕೊನೆಯಲ್ಲಿ ನಿಂತ. ಮುಖದಲ್ಲಿ ನಗುವಿರಲಿಲ್ಲ, ನಗುವಿಲ್ಲದ ಅವನ ಮುಖ ಹೀಗಿರುತ್ತದೆಂದು ಮೇಸ್ತ್ರಿ ಅದುವರೆಗೆ ನೋಡಿರಲಿಲ್ಲ, ಅಕ್ಕನ ಹಾಗೆಯೇ ಇತ್ತು. ಒಂದು ಮಾತು ಹೇಳಲಾ ಅಂದ.

"ಭಾವ, ನಾನೂ ಎಷ್ಟೋ ಸಲ ಎಳೆದೇ ಇಲ್ಲ" ಅಂದ. "ಮೇಲಿನ ಸಾಲಿಗೆ ಏಣಿ ಹತ್ತಬೇಕಿತ್ತು. ಒಂದ್ಸಲ ಕೈ ಹಾಕೋ ಮುಂಚೇನೇ ಬಾಯಿ ತಪ್ಪಿ ಎಳೆದೆ ಅಂದುಬಿಟ್ಟೆ. ಕೈ ಹಾಕೋದರೊಳಗೆ ನೀವು ಬಂತು ಅಂದ್ರಿ. ಓಹೋ, ಇವರಿಗೆ ಎಳೆಯೋದೇ ಬೇಡ, ನೋಡಿದ್ರೇ ಗೊತ್ತಾಗುತ್ತೆ ಅಂದ್ಕೊಂಡೆ. ಆಮೇಲೆ ಮೇಲಿನವಕ್ಕೆಲ್ಲ ಬರೀ ಕೂಗ್ತಿದ್ದೆ."

ಮೇಡಂ ಒಬ್ಬರ ಮುಖವನ್ನು ಬಿಟ್ಟು ಒಬ್ಬರ ಮುಖವನ್ನು ನೋಡಿದರು. ಮೇಸ್ತ್ರಿಗೆ ಮೊದಲು ಬಂದದ್ದು ಸಿಟ್ಟಲ್ಲ, ಆಸೆ. ಎಳೆಯದೇ ಇದ್ದದ್ದು ತಿಳಿಯದಿದ್ದರೆ ಅದು ಬೆರಳಿನ ತಪ್ಪೇ? ಹಾಗಾದರೆ ಬೆರಳುಗಳು ಚೆನ್ನಾಗಿಯೇ ಇರಬಹುದು. ಇವನು ಎಳೆಯದೆ ಕೂಗಿದ್ದಕ್ಕೆ ತಾನು ತಿಂಗಳುಗಟ್ಟಲೆ ಸುಮ್ಮನೆ ಸತ್ತೆನೇನೋ. ಗುಂಡಿ, ಲೋಟ, ಮುಗಿದ ಕೈ, ಎಲ್ಲವನ್ನೂ ಅವನು ಆ ಒಂದು ಕ್ಷಣ ಮರೆತೇಬಿಟ್ಟ. ಮರುಕ್ಷಣ ಎಲ್ಲ ನೆನಪಾಗಿ, ಆಸೆಪಟ್ಟದ್ದಕ್ಕೆ ಕಿವಿ ಕಾಯಿತು. ಆ ತುದಿಯಲ್ಲಿ ಎಳೆಯದವನು, ಈ ತುದಿಯಲ್ಲಿ ತಿಳಿಯದವನು. ನಡುವೆ ಜಾಲರಿಯ ಮೇಲೆ ಕೇಬಲ್‌ಗಳು ಅಲುಗದೆ ಮಲಗಿದ್ದವು, ಮತ್ತು ಇಬ್ಬರೂ ಅವುಗಳ ಕೆಳಗೆ ನಿಂತು ದಿನವಿಡೀ ಮನೆಯವರ ಹಾಗೆ ಒಬ್ಬರನ್ನೊಬ್ಬರು ಕೂಗಿ ಕರೆದು ಓಗೊಟ್ಟುಕೊಂಡಿದ್ದರು.

ಮೇಡಂ ಮೇಲಕ್ಕೆ ಫೋನು ಮಾಡಿ ಕೀಳುವ ಕೆಲಸ ನಿಲ್ಲಿಸಿದೆ ಎಂದರು. ಕಾರಣ ಹೇಳಲಿಲ್ಲ. ಆಮೇಲೆ ಭಾವಮೈದನಿಗೆ ಏಣಿ ತೆಗೆದುಕೊಂಡು ಆ ಸಾಲಿಗೆ ಹೋಗಲು ಹೇಳಿ, ಮೇಸ್ತ್ರಿಯನ್ನು ಕರೆದರು. ಕಳಚದೆ ಉಳಿದಿರುವ ಪ್ರತಿಯೊಂದನ್ನೂ ಮತ್ತೆ ಎಳೆದು ನೋಡಬೇಕು. ಅವರು ಅಲ್ಲಿ ಎಳೆಯುವ ಬಿಲ್ಲೆಯ ಅವಳಿ ಕೂತ ಕೇಬಲನ್ನು ಇಲ್ಲಿ ನೀವು ಹಿಡಿಯಿರಿ, ನಿಮ್ಮ ಬೆರಳಿನ ಪಕ್ಕದಲ್ಲೇ ನಾನೂ ಹಿಡಿಯುತ್ತೇನೆ ಎಂದರು. ಇನ್ನು ನಾನ್ಯಾಕೆ ಮೇಡಂ, ನೀವೊಬ್ಬರೇ ಹಿಡಿದರೆ ಆಯಿತಲ್ಲ ಎಂದು ಅವನು ತಲೆತಗ್ಗಿಸಿ ಕೇಳಿದ.

"ಇನ್ನೂ ಎರಡು ಕಟ್ಟಡಗಳಲ್ಲಿ ನೀವೇ ಬಿಲ್ಲೆ ಹಾಕಿದೀರಿ. ಅಲ್ಲಿ ಆ ಕಡೆ ನಿಂತಿದ್ದೋರು ಬೇರೆಯವರು, ನಿಜವಾಗಿ ಎಳೆದಿರ್ತಾರೆ. ಅಲ್ಲಿನ ಬಿಲ್ಲೆಗಳನ್ನ ನಂಬಬೇಕೋ, ಎಲ್ಲಾ ಬಿಚ್ಚಬೇಕೋ ನನಗೆ ಗೊತ್ತಾಗಬೇಕು. ಪ್ರತಿ ಸಲ ನೀವು ಮೊದಲು ಹೇಳಿ. ಆಮೇಲೆ ನಾನು ಹೇಳ್ತೀನಿ."

ಅವನು ಹಿಡಿದ. ಅವರ ಬೆರಳುಗಳು ಅವನ ಬೆರಳುಗಳಿಗೆ ತಾಗಿಯೇ ಇದ್ದಿರಬೇಕು. ಆಚೆಯಿಂದ ಏಣಿ ಕಿರುಗುಟ್ಟಿತು. ಎಳೆದೆ ಭಾವ ಎಂಬ ದನಿ, ಹಿಂದಿನ ದನಿಯಲ್ಲ, ಪ್ರಾರ್ಥನೆಗೆ ನಿಂತವನ ದನಿ. ನಾಲಿಗೆಯ ತುದಿಗೆ ರೂಢಿಯ ಮಾತು ತಾನಾಗಿ ಬಂದು ನಿಂತಿತು; ಅದನ್ನು ನುಂಗುವುದು ಕಷ್ಟವಾಯಿತು.

"ಬರಲಿಲ್ಲ" ಅಂದ.

"ಬಂತು" ಅಂದರು ಮೇಡಂ, ಅವನ ಕಡೆ ನೋಡದೆ.

ಮುಂದಿನದು. ಬರಲಿಲ್ಲ. ಬಂತು. ಅದರ ಮುಂದಿನದಕ್ಕೆ ಏನೋ ತಿಳಿದ ಹಾಗಾಯಿತು, ಬಂತೇನೋ ಅಂದ; ಏನೋ ಬೇಡ ಎಂದರು; ಹಾಗಾದರೆ ಬರಲಿಲ್ಲ ಅಂದ; ನನಗೆ ಬಂತು ಎಂದರು. ಒಂದೊಂದು ಬರಲಿಲ್ಲಕ್ಕೂ ದೂರದ ಆ ಕಟ್ಟಡಗಳಲ್ಲಿ ಒಂದೊಂದು ಕಪಾಟಿನ ಬಾಗಿಲು ತೆರೆದುಕೊಳ್ಳುತ್ತಿರುವುದು ಅವನಿಗೆ ಕಾಣುತ್ತಿತ್ತು. ಆದರೂ ಬಾಯಿ ಹಗುರವಾಗುತ್ತ ಹೋಯಿತು. ಇಷ್ಟು ಸಲೀಸಾದ ಮಾತನ್ನು ಮೊದಲ ದಿನವೇ ಅಂದಿದ್ದರೆ ಏನಾಗುತ್ತಿತ್ತು, ಭಾವಮೈದ ಇನ್ನೆರಡು ಸಲ ತಮಾಷೆ ಮಾಡುತ್ತಿದ್ದ, ಅಷ್ಟೆ. ಬಿಲ್ಲೆಗಳು ಬಹುಮಟ್ಟಿಗೆ ಸರಿಯಾದ ಕೇಬಲಿನಲ್ಲೇ ಕೂತಿದ್ದವು. ಕಣ್ಣು ಸುಳ್ಳು ಹೇಳಿರಲಿಲ್ಲ. ಇನ್ನೇನು ಮೇಲಿನ ಸಾಲು ಮುಗಿಯುತ್ತ ಬಂತು ಎನ್ನುವಾಗ ಅವನು ಮತ್ತೊಮ್ಮೆ ಬರಲಿಲ್ಲ ಎಂದು, ಪಕ್ಕದ ಮಾತಿಗಾಗಿ ಕಾದ. ಮೇಡಂ ಮಾತಾಡಲಿಲ್ಲ. ಇನ್ನೊಮ್ಮೆ ಎಳೀರಿ ಎಂದು ಕೂಗಿದರು. ಎಳೆದೆ ಎಂದು ಬಂತು ದನಿ, ಜೋರಾಗಿಯೇ ಎಳೆದೆ. ಅವರು ಕಣ್ಣು ಮುಚ್ಚಿ ಬೆರಳುಗಳನ್ನು ಒತ್ತಿ ಹಿಡಿದರು.

"ನನಗೂ ಬರಲಿಲ್ಲ" ಎಂದರು.

ಅವರ ಕೈ ಪಕ್ಕದ ಕೇಬಲಿಗೆ ಸರಿಯಿತು, ಅದರಾಚೆಯದಕ್ಕೆ ಸರಿಯಿತು, ಅಲ್ಲಿ ನಿಂತಿತು. ಇದು ಎಂದರು ಮೆಲ್ಲಗೆ. ಬಿಲ್ಲೆ ಅದಲುಬದಲಾಗಿತ್ತು. ಮುಚ್ಚಿಹೋದ ಕಚೇರಿಯದೆಂದು ಊಟದ ಹೊತ್ತಿಗೆ ಕಳಚಬೇಕಿದ್ದದ್ದು ಮೇಲಿನ ಹೆಂಗಸರ ಕಿವಿಗಳಿಗೆ ಹೋಗುವ ದಾರಿಯಾಗಿತ್ತು. ಮೇಡಂ ಸೂಜಿಮೊನೆಯಿಂದ ಎರಡೂ ಮುಚ್ಚಳ ಬಿಡಿಸಿ ಬಿಲ್ಲೆಗಳನ್ನು ಎಬ್ಬಿಸಿ ತೆಗೆಯುತ್ತಿದ್ದರೆ, ಅವನು ಕೇಬಲನ್ನು ಹಿಡಿದುಕೊಂಡೇ ನಿಂತಿದ್ದ. ಬರಲಿಲ್ಲ ಅಂದದ್ದು ಈ ಸಲ ಸರಿಯಾಗಿತ್ತು. ಆದರೆ ಸರಿಯಾದ ಬರಲಿಲ್ಲಕ್ಕೂ ಅದರ ಹಿಂದಿನ ಬರಲಿಲ್ಲಗಳಿಗೂ ಬೆರಳಿನೊಳಗೆ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಅಲ್ಲಿ ಒಂದೇ ಸಮನಾದ, ಧೂಳಿಲ್ಲದ, ಯಾರೂ ವಾಸವಿಲ್ಲದ ಮೌನ. ಸಂಜೆ ಮನೆಗೆ ಹೋಗಿ ಹೆಂಡತಿಯ ಮುಂದೆ ಈ ಕೈಗಳನ್ನು ಹೀಗೆಯೇ ಚಾಚಬೇಕು ಎಂದುಕೊಂಡ. ಮುಂದಿನದು ಎಂದರು ಮೇಡಂ. ಅವನು ಬೆರಳುಗಳನ್ನು ಸರಿಸಿ, ಸರಿಯಾಗಿ ಹಿಡಿದಿದ್ದೇನೆಯೇ ಎಂದು ಕಣ್ಣಿನಿಂದ ನೋಡಿ ಖಾತ್ರಿ ಮಾಡಿಕೊಂಡ. ಎಳೆದೆ ಭಾವ ಎಂದು ಆಚೆಯಿಂದ ಕೇಳಿಸಿತು. ಮೇಡಂ ತುಟಿ ಬಿಗಿದುಕೊಂಡು, ಅವನು ಏನನ್ನುತ್ತಾನೋ ಎಂದು ಕಾಯುತ್ತಿದ್ದರು.